ಬಾಂದು ಕಲ್ಲು ಜರುಗಿಸಿದವರು: ಅಪ್ಪನ ಜತೆ ದೆಹಲಿಯಲ್ಲಿ ನಾಲ್ಕು ದಿನ

ಅಪ್ಪ ಸರ್ವೇ ಇಲಾಖೆಯಲ್ಲಿ 33 ವರ್ಷ ದುಡಿದು ರಿಟೈರ್ ಆದವರು. ಅದರಲ್ಲಿ ಮುಕ್ಕಾಲು ಪಾಲು ಬೇಲೂರು ತಾಲ್ಲೂಕಿನ ಹೊಲಗಳಲ್ಲೇ ಸರಪಳಿ ಎಳೆದುಕೊಂಡು ಕಳೆದರು. ಎಲ್ಲಿಗೆ ಕರೆದುಕೊಂಡು ಹೋದರೂ ಮೊದಲು ಕಲ್ಲು ನೋಡುತ್ತಾರೆ. ಆಮೇಲೆ ನೆಲದ ಇಳಿಜಾರು. ಆಮೇಲೆ ಕಾಫಿ ಎಲ್ಲಿ ಸಿಗುತ್ತೆ ಅಂತ. ದೆಹಲಿ ನೋಡಿರಲಿಲ್ಲ. "ಮಂಡಿ ಪೂರ್ತಿ ಕೈಕೊಡೋ ಮುಂಚೆ ಒಂದ್ಸಲ ನೋಡಿಬಿಡೋಣ ಕಣೋ" ಅಂದರು. ಫೆಬ್ರವರಿಯಲ್ಲಿ ಹೊರಟೆವು.

ಬುಧವಾರ

ಶುರುವಾಗಿದ್ದೇ ಎಡವಟ್ಟಿನಿಂದ. ದುಡ್ಡು ಕಟ್ಟಿ ಬುಕ್ ಮಾಡಿದ್ದ ಲಾಡ್ಜು ಹುಡುಕಿಕೊಂಡು ಹೋದರೆ ಆ ಹೆಸರಿನ ಲಾಡ್ಜೇ ಇಲ್ಲ. ಜಾಗ ಅದೇ, ಬೋರ್ಡು ಬೇರೆ. ಮಾಲೀಕರು ಬದಲಾಗಿದ್ದಾರೆ, ಹಳಬರ ಬುಕಿಂಗಿಗೂ ನಮಗೂ ಸಂಬಂಧವಿಲ್ಲ ಅಂದ ಕೌಂಟರಿನ ಹುಡುಗ. ಅರ್ಧ ಗಂಟೆ ಜಗಳ ಆಡಿ, ಕೊನೆಗೆ ಮತ್ತೆ ದುಡ್ಡು ಕೊಟ್ಟೇ ರೂಮು ತಗೊಂಡೆವು. ಸ್ನಾನಕ್ಕೆ ಹೋದ ಅಪ್ಪ ಟವೆಲ್ ಹಿಡಿದುಕೊಂಡು ಈಚೆ ಬಂದರು. ಅದರ ಮೂಲೆಯಲ್ಲಿ ಹಳೇ ಲಾಡ್ಜಿನ ಹೆಸರು ಕೆಂಪು ದಾರದಲ್ಲಿ ಹಾಗೇ ಇತ್ತು.

ಮಧ್ಯಾಹ್ನ ಮೆಟ್ರೊ ಹತ್ತಿ ಕುತುಬ್ ಮಿನಾರಿಗೆ ಹೋದೆವು. ಎಲ್ಲರೂ ತಲೆ ಎತ್ತಿ ಮಿನಾರ್ ನೋಡುತ್ತಿದ್ದರೆ, ಅಪ್ಪ ಪಕ್ಕದ ಮಸೀದಿಯ ಕಂಬಗಳ ಹತ್ತಿರ ನಿಂತುಬಿಟ್ಟರು.

"ಇಲ್ಲಿ ನೋಡು. ಇದು ಒಂದು ಕಂಬ ಅಲ್ಲ, ಎರಡು. ಒಂದರ ಮೇಲೊಂದು ನಿಲ್ಲಿಸಿದ್ದಾರೆ."

ಹತ್ತಿರ ಹೋಗಿ ನೋಡಿದೆ. ಹೌದು. ಕೆಳಗಿನ ತುಂಡಿನಲ್ಲಿ ಸರಪಳಿಗೆ ಕಟ್ಟಿದ ಗಂಟೆಯ ಕೆತ್ತನೆ ಇದೆ. ಮೇಲಿನ ತುಂಡಿನಲ್ಲಿ ಬಳ್ಳಿ. ಕೂಡುವ ಕಡೆ ಎರಡರ ಅಂಚು ಹೊಂದುತ್ತಿಲ್ಲ, ಒಂದು ಬೆರಳು ಒಳಗೆ ಹೊರಗೆ ಆಗಿದೆ. ಮಸೀದಿಗೆ ಬೇಕಾದ ಎತ್ತರ ದೇವಸ್ಥಾನದ ಕಂಬಕ್ಕೆ ಇರಲಿಲ್ಲ, ಹಾಗಾಗಿ ಎರಡು ಸೇರಿಸಿದರು. ದೇವಸ್ಥಾನ ಕೆಡವಿದ್ದನ್ನು ಮಸೀದಿ ಕಟ್ಟಿಸಿದವರೇನೂ ಮುಚ್ಚಿಡಲಿಲ್ಲ. ಪೂರ್ವದ ಬಾಗಿಲಿನ ಪಾರ್ಸಿ ಶಾಸನ 27 ದೇವಸ್ಥಾನಗಳ ಸಾಮಾನು ಇಲ್ಲಿ ಬಳಸಿದೆ ಅನ್ನುತ್ತದೆ. ಒಂದೊಂದಕ್ಕೂ 20 ಲಕ್ಷ ದಿಲ್ಲಿವಾಲ್ ನಾಣ್ಯ ಖರ್ಚಾಗಿತ್ತು ಅಂತಲೂ ಬರೆಸಿದ್ದಾರೆ. "ಎಸ್ಟಿಮೇಟೂ ಹಾಕಿದ್ದಾರಲ್ಲೋ!" ಅಂದರು ಅಪ್ಪ.

ಅಂಗಳದ ನಡುವೆ ಕಬ್ಬಿಣದ ಕಂಬ. ಅದೂ ಈ ಊರಿನದಲ್ಲ. ವಿಷ್ಣುವಿನ ಧ್ವಜವಾಗಿ ವಿಷ್ಣುಪದ ಅನ್ನುವ ಗುಡ್ಡದ ಮೇಲೆ ಚಂದ್ರ ಎಂಬ ದೊರೆ ನಿಲ್ಲಿಸಿದ ಅಂತ ಅದರ ಮೇಲೇ ಸಂಸ್ಕೃತದಲ್ಲಿ ಇದೆ. ಅಂದರೆ ಯಾರೋ ಅಲ್ಲಿಂದ ಹೊತ್ತು ತಂದಿದ್ದಾರೆ.

ಆಮೇಲೆ ಅಲಾಯಿ ದರ್ವಾಜಾ. 1311ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಕಟ್ಟಿಸಿದ್ದು. ಆ ಇಸವಿ ಓದಿದ ಕೂಡಲೇ ಅಪ್ಪ ಸುಮ್ಮನಾದರು. ಅದೇ ವರ್ಷ ಅವನ ಸೇನಾಪತಿ ಮಲಿಕ್ ಕಾಫೂರ್ ನಮ್ಮ ಹಳೇಬೀಡಿಗೆ, ಅಂದಿನ ದ್ವಾರಸಮುದ್ರಕ್ಕೆ, ದಂಡು ತಂದಿದ್ದ. ಮುಮ್ಮಡಿ ಬಲ್ಲಾಳ ಸಂಪತ್ತು, ಆನೆ, ಕುದುರೆ ಒಪ್ಪಿಸಿ ಸಂಧಿ ಮಾಡಿಕೊಂಡ. ಹಳೇಬೀಡಿನ ಸುತ್ತಮುತ್ತ ಅಪ್ಪ ಅಳೆಯದ ಹೊಲ ಇಲ್ಲ. ಬಾಗಿಲ ಅಮೃತಶಿಲೆಯ ಮೇಲೆ ಕೈ ಇಟ್ಟು, "ನಮ್ಮೂರ ದುಡ್ಡು ಇದರಲ್ಲೂ ಎಷ್ಟೋ ಸೇರಿರಬೇಕು" ಅಂದರು. ಲೆಕ್ಕ ಯಾರಿಗೂ ಸಿಗುವುದಿಲ್ಲ ಬಿಡಿ.

ಅಲ್ಲಾವುದ್ದೀನ್ ಕುತುಬ್ ಮಿನಾರಿನ ಎರಡರಷ್ಟು ಎತ್ತರದ ಇನ್ನೊಂದು ಮಿನಾರ್ ಶುರು ಮಾಡಿದ. ಒಂದೇ ಅಂತಸ್ತು ಎದ್ದಿತು. 1316ರಲ್ಲಿ ಅವನು ಸತ್ತ, ಮುಂದೆ ಬಂದವರಿಗೆ ಅದು ಬೇಕಾಗಲಿಲ್ಲ. ಈಗ ಅದು ಕಾಡುಗಲ್ಲಿನ ದೊಡ್ಡ ಮೊಟಕು. ಮೇಲೆ ಗಿಳಿಗಳು ಗಲಾಟೆ ಮಾಡುತ್ತಿದ್ದವು.

ಹೊರಗೆ ಹುಲ್ಲಿನ ಮೇಲೆ ಒಂದು ಕಲ್ಲಿನ ಮಂಟಪ ಒಂಟಿಯಾಗಿ ನಿಂತಿತ್ತು. ಭೂಕಂಪದಲ್ಲಿ ಕುತುಬ್ ಮಿನಾರಿನ ತುದಿ ಬಿದ್ದಾಗ ಮೇಜರ್ ರಾಬರ್ಟ್ ಸ್ಮಿತ್ ಅನ್ನುವ ಇಂಗ್ಲಿಷ್ ಇಂಜಿನಿಯರ್ 1828ರಲ್ಲಿ ತನ್ನದೇ ಡಿಸೈನಿನ ಮಂಟಪವನ್ನು ಮೇಲೆ ಕೂರಿಸಿದ. ನೋಡಿದವರೆಲ್ಲ ನಕ್ಕರು. 1848ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಅದನ್ನು ಇಳಿಸಿದ. ಒಡೆದು ಹಾಕಲಿಲ್ಲ, ಪಕ್ಕಕ್ಕೆ ಇಟ್ಟ. "ಎತ್ತಂಗಡಿ!" ಅಂತ ಅಪ್ಪ ಜೋರಾಗಿ ನಕ್ಕರು. ಸರ್ಕಾರಿ ನೌಕರರಿಗೆ ಆ ಪದದ ರುಚಿ ಚೆನ್ನಾಗಿ ಗೊತ್ತು.

ಗುರುವಾರ

ಫಿರೋಜ್ ಷಾ ಕೋಟ್ಲಾ ಅಂದರೆ ನಮಗೆ ಕ್ರಿಕೆಟ್. ಕುಂಬ್ಳೆ ಒಂದೇ ಇನಿಂಗ್ಸಿನಲ್ಲಿ ಹತ್ತೂ ವಿಕೆಟ್ ಕಿತ್ತ ಜಾಗ, 1999. ಆ ಸ್ಟೇಡಿಯಮ್ಮಿನ ಹೆಸರೂ 2019ರಲ್ಲಿ ಬದಲಾಯಿತು. ಅದರ ಬೆನ್ನಿಗೇ ಇರುವ ಹಾಳುಕೋಟೆ ಫಿರೋಜ್ ಷಾ ತುಘಲಕ್‌ನದು, 14ನೇ ಶತಮಾನದ್ದು. ನಾವು ಹೋಗಿದ್ದು ಗುರುವಾರ. ಅದೇ ಸರಿಯಾದ ದಿನ ಅಂತ ಒಳಗೆ ಹೋದ ಮೇಲೆ ಗೊತ್ತಾಯಿತು.

ಗುರುವಾರ ಇಲ್ಲಿ ಜಿನ್‌ಗಳಿಗೆ, ಅಂದರೆ ಕಣ್ಣಿಗೆ ಕಾಣದ ಶಕ್ತಿಗಳಿಗೆ, ಅರ್ಜಿ ಕೊಡುವ ದಿನ. ಹಾಳು ಗೋಡೆಯ ಗೂಡು ಗೂಡುಗಳಲ್ಲಿ ಊದಿನಕಡ್ಡಿ, ಹಣತೆ, ಗುಲಾಬಿ ಎಸಳು. ಜನ ಚೀಟಿಗಳನ್ನು ಸಿಕ್ಕಿಸುತ್ತಿದ್ದರು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಮ್ಮ ಮುಂದೆಯೇ ಇದ್ದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಅದರೊಳಗೆ ಒಂದೇ ಕಾಗದದ ನಾಲ್ಕೈದು ಜೆರಾಕ್ಸ್ ಪ್ರತಿ, ಪ್ರತಿಯೊಂದಕ್ಕೂ ಹುಡುಗನೊಬ್ಬನ ಪಾಸ್‌ಪೋರ್ಟ್ ಸೈಜ್ ಫೋಟೊ ಸ್ಟೇಪಲ್ ಮಾಡಿದ್ದಾರೆ. ಒಂದು ಗೂಡಿಗೆ ಒಂದು ಪ್ರತಿ ಇಟ್ಟು, ಕೈಯೆತ್ತಿ ಬೇಡಿಕೊಂಡು, ಮುಂದಿನ ಗೂಡಿಗೆ ಹೋಗುತ್ತಿದ್ದರು. ಬೇರೆ ಬೇರೆ ಸೆಕ್ಷನ್ನಿಗೆ ಬೇರೆ ಬೇರೆ ಪ್ರತಿ.

ಅಪ್ಪ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. "ಥೇಟ್ ನಮ್ಮ ತಾಲ್ಲೂಕು ಆಫೀಸು. ಅರ್ಜಿ, ಫೋಟೊ, ಅಡ್ರೆಸ್ಸು ಎಲ್ಲಾ ಇದೆ. ಸ್ವೀಕೃತಿ ಒಂದು ಕೊಡಲ್ಲ ಅಷ್ಟೆ." ಆಮೇಲೆ ಮೆಲ್ಲಗೆ, "ನಾವೂ ಕೊಡ್ತಿರಲಿಲ್ಲ."

ಸುಲ್ತಾನ ಹೋಗಿ ಆರು ನೂರು ವರ್ಷ ಆಗಿದೆ, ದರ್ಬಾರು ಮಾತ್ರ ನಡೀತಾ ಇದೆ. ಈ ನಾಲ್ಕು ದಿನದಲ್ಲಿ ನೋಡಿದ ಜಾಗಗಳಲ್ಲಿ ಜನ ಪೂರ್ತಿ ತಮ್ಮದು ಮಾಡಿಕೊಂಡಿದ್ದು ಇದೊಂದೇ ಅಂತ ನನಗೆ ಅನ್ನಿಸಿತು.

ಮೆಟ್ಟಿಲು ಮೆಟ್ಟಿಲಾಗಿ ಎದ್ದಿರುವ ಕಟ್ಟಡದ ತುದಿಯಲ್ಲಿ ಅಶೋಕನ ಕಂಬ. ಅಲ್ಲಿವರೆಗೆ ಬಿಡುವುದಿಲ್ಲ, ಕೆಳಗಿಂದಲೇ ನೋಡಬೇಕು. ಇದರ ಕಥೆ ನಾನು ಅಪ್ಪನಿಗೆ ಹೇಳಬೇಕು ಅಂತಲೇ ಓದಿಕೊಂಡು ಬಂದಿದ್ದೆ. ಫಿರೋಜ್ ಷಾ ಇದನ್ನು ತೋಪ್ರಾ ಅನ್ನುವ ಹಳ್ಳಿಯಲ್ಲಿ ನೋಡಿದ, ಈಗ ಅದು ಹರಿಯಾಣದಲ್ಲಿದೆ. ಬೇಕು ಅನ್ನಿಸಿತು. ಷಮ್ಸ್-ಎ-ಸಿರಾಜ್ ಅಫೀಫ್ ಎಂಬ ಇತಿಹಾಸಕಾರ ಇಡೀ ಸಾಗಾಣಿಕೆಯನ್ನು ಬರೆದಿಟ್ಟಿದ್ದಾನೆ. ಕಂಬದ ಸುತ್ತ ಬೂರುಗದ ಹತ್ತಿ ರಾಶಿ ಹಾಕಿಸಿದರು, ಬುಡ ಅಗೆದಾಗ ಮೆತ್ತಗೆ ಹತ್ತಿಯ ಮೇಲೆ ಮಲಗಲಿ ಅಂತ. ಆಮೇಲೆ ಜೊಂಡು, ಹಸಿ ಚರ್ಮ ಸುತ್ತಿದರು. 42 ಚಕ್ರದ ಬಂಡಿ ಮಾಡಿಸಿ, ಒಂದೊಂದು ಚಕ್ರದ ಹಗ್ಗಕ್ಕೂ 200 ಆಳು ಹಚ್ಚಿ ಯಮುನೆವರೆಗೆ ಎಳೆದರು. ಅಲ್ಲಿಂದ ದೋಣಿಗಳ ಮೇಲೆ ದೆಹಲಿಗೆ.

"ಅಷ್ಟು ಕಷ್ಟಪಟ್ಟು ಯಾಕೆ ತಂದ? ಓದೋಕೆ ಬರ್ತಿತ್ತಾ ಅವನಿಗೆ?"

"ಅವನಿಗಲ್ಲ, ಯಾರಿಗೂ ಬರ್ತಿರಲಿಲ್ಲ ಅಪ್ಪ. ಪಂಡಿತರನ್ನ ಕರೆಸಿ ಕೇಳಿದ, ಆಗಲಿಲ್ಲ."

ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಬಿಡಿಸಿ ಓದಿದ್ದು 1837ರಲ್ಲಿ. ಆಗಲೂ ಕಂಬದ ಮೇಲೆ ಸಿಕ್ಕಿದ್ದು ದೇವಾನಂಪಿಯ ಪಿಯದಸಿ ಅನ್ನುವ ಹೆಸರು. ಆ ಹೆಸರಿನವನು ಅಶೋಕನೇ ಅಂತ ಗಟ್ಟಿಯಾಗಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ ಅಶೋಕ ಅನ್ನುವ ಅಕ್ಷರಗಳು ಸಿಕ್ಕ ಮೇಲೆ. ದೆಹಲಿಯ ದಾಖಲೆಗೆ ಮಸ್ಕಿ ಸಹಿ ಹಾಕಿದ ಹಾಗೆ. ಇನ್ನೂ ಒಂದು ಮಜಾ ಇದೆ. ಅಶೋಕ ಆದ ಮೇಲೆ, ಫಿರೋಜ್ ಷಾ ಬರೋದಕ್ಕೆ ಮುಂಚೆ, ಚೌಹಾಣ ದೊರೆ ವೀಸಲದೇವ 1164ರಲ್ಲಿ ಇದೇ ಕಂಬದ ಮೇಲೆ ತನ್ನ ಗೆಲುವಿನ ಸುದ್ದಿ ಕೊರೆಸಿದ. ಒಂದು ಕಲ್ಲು, ಮೂವರು ಯಜಮಾನರು.

ಆಗ ಅಪ್ಪ ಒಂದು ಮಾತು ಹೇಳಿದರು. "ಒತ್ತುವರಿ ಮಾಡೋನು ಮೊದಲು ಮಾಡೋ ಕೆಲಸ ಏನು ಗೊತ್ತಾ? ಹೊಲದ ಗಡಿಯ ಬಾಂದು ಕಲ್ಲನ್ನ ಒಡೆಯಲ್ಲ ಅವನು. ಒಡೆದರೆ ಪುರಾವೆ ಹೋಗುತ್ತೆ. ರಾತ್ರೋರಾತ್ರಿ ಕಿತ್ತು, ತನಗೆ ಬೇಕಾದ ಕಡೆ ನೆಡ್ತಾನೆ. ಬೆಳಗ್ಗೆ ಎದ್ದು, ನೋಡಿ ಸ್ವಾಮಿ, ತಾತನ ಕಾಲದಿಂದ ಇಲ್ಲೇ ಇದೆ ಅಂತಾನೆ." ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸೋಕೆ, ಹೋದಾಗೆಲ್ಲ ಇಂಥ ಕಲ್ಲುಗಳನ್ನು ಕಂಡುಹಿಡಿದವರು ಅವರು. ಜರುಗಿಸಿದ ಕಲ್ಲಿನ ಬುಡದ ಮಣ್ಣು ಸಡಿಲ ಇರುತ್ತಂತೆ.

ಮಧ್ಯಾಹ್ನದ ಮೇಲೆ ಆಟೊ ಹಿಡಿದು ಉತ್ತರದ ರಿಡ್ಜ್‌ಗೆ, ಅಂದರೆ ಕಲ್ಲುಗುಡ್ಡದ ಸಾಲಿಗೆ, ಹೋದೆವು. ಅಲ್ಲೂ ಒಂದು ಅಶೋಕ ಸ್ತಂಭ. ಇದನ್ನೂ ಫಿರೋಜ್ ಷಾ ಮೀರತ್‌ನಿಂದ ತಂದಿದ್ದೇ. 18ನೇ ಶತಮಾನದಲ್ಲಿ ಸ್ಫೋಟಕ್ಕೆ ಸಿಕ್ಕಿ ತುಂಡಾಯಿತು, 1867ರಲ್ಲಿ ಜೋಡಿಸಿ ನಿಲ್ಲಿಸಿದರು. ಅದರ ಹತ್ತಿರವೇ ಚರ್ಚಿನ ಗೋಪುರದಂಥ ಕೆಂಪು ಕಲ್ಲಿನ ಕಟ್ಟಡ, ಮ್ಯುಟಿನಿ ಮೆಮೋರಿಯಲ್. 1857ರಲ್ಲಿ ದೆಹಲಿಯನ್ನು ಮತ್ತೆ ಹಿಡಿದ ತಮ್ಮ ಸೈನಿಕರ ನೆನಪಿಗೆ ಬ್ರಿಟಿಷರು 1863ರಲ್ಲಿ ಕಟ್ಟಿಸಿದ್ದು. ಸತ್ತವರ, ಗಾಯಗೊಂಡವರ ಲೆಕ್ಕ ಕಲ್ಲಿನಲ್ಲಿದೆ. ಬಿಳಿಯರದು ಬೇರೆ, ದೇಶೀಯರದು ಬೇರೆ. ಎದುರು ನಿಂತು ಹೋರಾಡಿದ ನಮ್ಮವರಿಗೆ ಅಲ್ಲಿ ಶತ್ರು ಎಂದು ಹೆಸರು.

1972ರಲ್ಲಿ ಸ್ವಾತಂತ್ರ್ಯದ 25ನೇ ವರ್ಷಕ್ಕೆ ಸರ್ಕಾರ ಇದಕ್ಕೆ ಅಜಿತ್‌ಗಢ ಅಂತ ಹೆಸರಿಟ್ಟಿತು. ಹಳೇ ಬರಹ ಅಳಿಸಲಿಲ್ಲ. ಪಕ್ಕದಲ್ಲಿ ಇನ್ನೊಂದು ಫಲಕ ಹಾಕಿದರು. ಇಲ್ಲಿ ಶತ್ರು ಅಂತ ಬರೆದಿರುವವರು ಪರಕೀಯರ ಆಳ್ವಿಕೆಯ ವಿರುದ್ಧ ಎದ್ದು ಧೈರ್ಯವಾಗಿ ಹೋರಾಡಿದವರು ಅನ್ನುವುದು ಅದರ ಸಾರ. ತಿದ್ದುಪಡಿ ಆದೇಶ ಹೊರಡಿಸಿದ ಹಾಗೆ. ನನಗಂತೂ ದೆಹಲಿಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಫಲಕ ಇದು. ಅಪ್ಪನಿಗೆ ನೆನಪಾಗಿದ್ದು ಲಾಡ್ಜಿನ ಟವೆಲ್ಲು.

ಶುಕ್ರವಾರ

"ಕರ್ತವ್ಯ ಪಥ್" ಅಂದೆ ಆಟೊದವನಿಗೆ. ಅವನು ತಲೆ ಕೆರೆದುಕೊಂಡು, "ಇಂಡಿಯಾ ಗೇಟ್ ತಾನೇ?" ಅಂತ ಹಿಂದಿಯಲ್ಲಿ ಕೇಳಿದ. ಈ ರಸ್ತೆಗೆ ಇದು ಮೂರನೇ ಹೆಸರು. ಇಂಗ್ಲಿಷರು ಇಟ್ಟಿದ್ದು ಕಿಂಗ್ಸ್‌ವೇ. ಸ್ವಾತಂತ್ರ್ಯ ಬಂದ ಮೇಲೆ ರಾಜಪಥ. ಹೆಚ್ಚುಕಮ್ಮಿ ಅನುವಾದ ಅಷ್ಟೆ, ಅಲ್ವಾ? 2022ರಲ್ಲಿ ಕರ್ತವ್ಯ ಪಥ. ಆಟೊದವರಿಗೆ ಮಾತ್ರ ಆಗಲೂ ಈಗಲೂ ಇಂಡಿಯಾ ಗೇಟೇ.

ವಿಜಯ ಚೌಕದಲ್ಲಿ ಇಳಿದೆವು. ಅಲ್ಲಿಂದ ಮೇಲಕ್ಕೆ ಹೋಗಲು ಪೊಲೀಸರು ಬಿಡಲಿಲ್ಲ. ಎಡಕ್ಕೆ ಸೌತ್ ಬ್ಲಾಕ್, ಬಲಕ್ಕೆ ನಾರ್ತ್ ಬ್ಲಾಕ್. ನಡುವೆ ರಸ್ತೆ ರೈಸಿನಾ ಗುಡ್ಡ ಹತ್ತುತ್ತದೆ. "ರಾಷ್ಟ್ರಪತಿ ಭವನ ಎಲ್ಲೋ?" ಅಂದರು ಅಪ್ಪ. ಅದೇ ಪ್ರಶ್ನೆ ಕೇಳಲಿ ಅಂತ ನಾನು ಕಾಯುತ್ತಿದ್ದೆ. ಭವನ ಎದುರಿಗೇ ಇದೆ, ಆದರೆ ಇಲ್ಲಿಂದ ಗುಮ್ಮಟದ ಮೇಲ್ಭಾಗ ಬಿಟ್ಟು ಹೆಚ್ಚೇನೂ ಕಾಣಲ್ಲ.

ಅಪ್ಪ ಒಂದು ಕಣ್ಣು ಮುಚ್ಚಿದರು. ಕೈ ಉದ್ದ ಚಾಚಿ ಹೆಬ್ಬೆರಳು ಎತ್ತಿದರು. ಎರಡು ಹೆಜ್ಜೆ ಹಿಂದೆ, ಮೂರು ಹೆಜ್ಜೆ ಪಕ್ಕಕ್ಕೆ. ಪೊಲೀಸಿನವನು ಅನುಮಾನದಿಂದ ನೋಡತೊಡಗಿದ.

"ಇಪ್ಪತ್ತಕ್ಕೆ ಒಂದರ ಹತ್ತಿರ ಇದೆ ಏರು. ಇಷ್ಟು ಕಡಿದಾದರೆ ಕಾಣಲ್ಲ. ಲೆವೆಲ್ಲು ತೆಗೆದವನು ಯಾರು?"

ಲೆವೆಲ್ಲಿನದೇ ಜಗಳ ಇಲ್ಲಿ ನಡೆದಿದ್ದು. ವೈಸರಾಯ್ ಬಂಗಲೆ, ಅಂದರೆ ಈಗಿನ ರಾಷ್ಟ್ರಪತಿ ಭವನ, ಎಡ್ವಿನ್ ಲುಟಿಯನ್ಸ್ ಕೆಲಸ. ಎರಡು ಬ್ಲಾಕುಗಳು ಹರ್ಬರ್ಟ್ ಬೇಕರ್ ಕೆಲಸ. ತನ್ನ ಬ್ಲಾಕುಗಳೂ ಬಂಗಲೆಯ ಮಟ್ಟದಲ್ಲೇ ಗುಡ್ಡದ ಮೇಲೆ ಇರಬೇಕು ಅಂತ ಬೇಕರ್ ಒಪ್ಪಿಸಿಕೊಂಡ. ಅದರಿಂದ ರಸ್ತೆಯ ಏರು ಹೀಗಾಗಿ ತನ್ನ ಬಂಗಲೆ ಮರೆಯಾಗುತ್ತದೆ ಅಂತ ಲುಟಿಯನ್ಸ್‌ಗೆ ಅರ್ಥವಾಗುವಷ್ಟರಲ್ಲಿ ತಡವಾಗಿತ್ತು. ಕಾಗದಕ್ಕೆ ಸಹಿಯೂ ಹಾಕಿದ್ದ. ಕೊನೆಯತನಕ ಗೊಣಗಿದ. ಲಂಡನ್ನಿನ ಬೇಕರ್‌ಲೂ ಅನ್ನುವ ರೈಲು ಮಾರ್ಗದ ಹೆಸರು ಹಿಡಿದು, ಇದು ನನ್ನ ಬೇಕರ್‌ಲೂ, ನೆಪೋಲಿಯನ್ ಸೋತ ಹಾಗೆ ನನ್ನ ವಾಟರ್‌ಲೂ ಅಂತ ತನ್ನನ್ನೇ ಹಂಗಿಸಿಕೊಂಡ. "ಸ್ಥಳ ಪರಿಶೀಲನೆ ಮಾಡದೆ ಸಹಿ ಹಾಕಿದರೆ ಇನ್ನೇನಾಗುತ್ತೆ" ಅಂದರು ಅಪ್ಪ. ಅವರಿಗೆ ಅವನ ಮೇಲೆ ಒಂಚೂರೂ ಕನಿಕರ ಇಲ್ಲ.

ಒಳಗೆ ನೋಡಲು ನಾವು ಬುಕ್ ಮಾಡಿರಲಿಲ್ಲ. ಅಲ್ಲಿನ ಕಂಬಗಳ ತಲೆಯಲ್ಲಿ ಕಲ್ಲಿನ ಗಂಟೆಗಳಿವೆ, ಆ ಯೋಚನೆ ಲುಟಿಯನ್ಸ್‌ಗೆ ಬಂದಿದ್ದು ನಮ್ಮ ಮೂಡುಬಿದಿರೆಯ ಬಸದಿಯಿಂದ ಅನ್ನುತ್ತಾರೆ. ನೋಡದೆ ಬಂದಿದ್ದಕ್ಕೆ ಈಗಲೂ ಬೇಜಾರಿದೆ.

ಬಲಗಡೆ ಪಕ್ಕಕ್ಕೆ ಹಳೇ ಸಂಸತ್ತು, ದುಂಡನೆಯದು, 144 ಕಂಬ. ಅದು ಯಾಕೆ ನೇರ ರಸ್ತೆಯ ಮೇಲಿಲ್ಲ, ಮೂಲೆಗೆ ಬಿದ್ದಿದೆ? ಮೊದಲ ನಕ್ಷೆಯಲ್ಲಿ ಅದು ಇರಲೇ ಇಲ್ಲ. 1919ರ ಸುಧಾರಣೆ ಬಂದು, ಚುನಾಯಿತ ಸದಸ್ಯರಿಗೆ ಕೂರಲು ಜಾಗ ಬೇಕಾದಾಗ ಆಮೇಲೆ ಸೇರಿಸಿದರು. 1927ರಲ್ಲಿ ಶುರುವಾಯಿತು. ರಾಜನಿಗೆ ಗುಡ್ಡ, ಪ್ರಜೆಗಳಿಗೆ ಮೂಲೆ. ಸ್ವಾತಂತ್ರ್ಯ ಬಂದ ಮೇಲೂ ಆ ನಕ್ಷೆಯನ್ನು ಯಾರೂ ತಿರುಗಿಸಲಿಲ್ಲ. 2023ರಲ್ಲಿ ಬಂದ ಹೊಸ ಸಂಸತ್ತೂ ಅದರ ಪಕ್ಕದಲ್ಲೇ ಇದೆ, ಆಕಾರ ಮಾತ್ರ ತ್ರಿಕೋನ.

ಬಿಸಿಲು ಹಿತವಾಗಿತ್ತು, ಇಂಡಿಯಾ ಗೇಟ್‌ವರೆಗೆ ನಡೆದೇ ಹೋದೆವು. ಮಂಡಿ ನೋವಿಗೆ ಮೂರು ಸಲ ಕೂತು, ಎರಡು ಸಲ ಶೇಂಗಾ ತಿಂದು. ಗೇಟಿನ ಆಚೆ ಕಲ್ಲಿನ ಛತ್ರಿ. 1936ರಲ್ಲಿ ಅದರಡಿ ಐದನೇ ಜಾರ್ಜ್ ನಿಂತ. ದೇಶ ಸ್ವತಂತ್ರವಾಗಿ 21 ವರ್ಷ ಆದರೂ ನಿಂತೇ ಇದ್ದ. 1968ರಲ್ಲಿ ತೆಗೆದರು. ಗಾಂಧೀಜಿಯನ್ನು ಕೂರಿಸಬೇಕು ಅನ್ನುವ ಮಾತು ಬಂತು, ವಾದ ಆಯಿತು, ಆಗಲಿಲ್ಲ. 54 ವರ್ಷ ಛತ್ರಿ ಖಾಲಿ ಇತ್ತು. ನನ್ನ ಶಾಲೆಯ ದಿನಗಳ ಟೀವಿಯಲ್ಲಿ ನೋಡಿದ್ದು ಆ ಖಾಲಿ ಛತ್ರಿಯನ್ನೇ. ಅದು ನನಗೆ ಇಷ್ಟವೂ ಆಗಿತ್ತು. ರಾಜ ಎದ್ದು ಹೋದ, ಆ ಕುರ್ಚಿ ಯಾರಿಗೂ ಬೇಡ ಅಂದ ಹಾಗೆ.

ಈಗ ಅಲ್ಲಿ ನೇತಾಜಿ ಇದ್ದಾರೆ. 28 ಅಡಿ ಎತ್ತರ, ಕಪ್ಪು ಗ್ರಾನೈಟ್, ಸೆಲ್ಯೂಟ್ ಹೊಡೆಯುತ್ತಿರುವ ಭಂಗಿ. 2022ರ ಸೆಪ್ಟೆಂಬರ್ 8ರಂದು ಅನಾವರಣ ಆಯಿತು. ಕೆತ್ತಿದ ತಂಡದ ಮುಖ್ಯಸ್ಥರು ಮೈಸೂರಿನ ಅರುಣ್ ಯೋಗಿರಾಜ್. ಖಾಲಿ ಛತ್ರಿಯ ಬಗ್ಗೆ ನನ್ನ ತಕರಾರು ಏನೇ ಇರಲಿ, ಕೆಲಸ ನೋಡಿ ಹೆಮ್ಮೆ ಆಗಿದ್ದು ಸುಳ್ಳಲ್ಲ. ಅಪ್ಪ ಸಮವಸ್ತ್ರದ ಮಡಿಕೆಗಳನ್ನೇ ನೋಡುತ್ತಿದ್ದರು. "ಇಷ್ಟು ದೊಡ್ಡ ಕಲ್ಲು ಎಲ್ಲಿಂದ ಬಂತು?"

ತೆಲಂಗಾಣದ ಖಮ್ಮಂನಿಂದ. 280 ಟನ್ನಿನ ಒಂದೇ ಕಲ್ಲು. 1,665 ಕಿಲೋಮೀಟರು ತರಲು 100 ಅಡಿ ಉದ್ದದ, 140 ಚಕ್ರದ ಲಾರಿಯನ್ನು ಬೇಕೆಂದೇ ಮಾಡಿಸಿದ್ದರು.

"ನಿನ್ನೆ ನಲವತ್ತೆರಡು ಅಂದೆ. ಇವತ್ತು ನೂರಾ ನಲವತ್ತು." ಅಪ್ಪ ಬೆರಳು ಮಡಿಸಿ ಏನೋ ಲೆಕ್ಕ ಹಾಕಿ, ಮಧ್ಯದಲ್ಲೇ ಬಿಟ್ಟರು.

ಗೇಟಿನ ಕಮಾನಿನಡಿ 1972ರಿಂದ ಉರಿಯುತ್ತಿದ್ದ ಅಮರ್ ಜವಾನ್ ಜ್ಯೋತಿಯೂ ಈಗ ಅಲ್ಲಿಲ್ಲ. 2022ರ ಜನವರಿಯಲ್ಲಿ ಅದನ್ನು ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಗೆ ಸೇರಿಸಿದರು. ಗೇಟಿನ ಗೋಡೆಯಲ್ಲಿರುವುದು ಬ್ರಿಟಿಷ್ ಚಕ್ರವರ್ತಿಗಾಗಿ ಸತ್ತ ಸೈನಿಕರ ಹೆಸರು, ಹೊಸದರಲ್ಲಿ ಸ್ವತಂತ್ರ ಭಾರತಕ್ಕಾಗಿ ಸತ್ತವರ ಹೆಸರು. ಅಪ್ಪ ಎರಡೂ ಕಡೆ ಚಪ್ಪಲಿ ಬಿಟ್ಟು ನಿಂತರು. ಎರಡನೇ ಕಡೆ ಕಾವಲಿನವನು ಬೇಡ ಅಂದರೂ.

ಶನಿವಾರ

ಬೆಳಗ್ಗೆ ಕೆಂಪುಕೋಟೆ. ಜನಜಂಗುಳಿ. ಷಹಜಹಾನನ ಅಮೃತಶಿಲೆಯ ಮಹಲುಗಳ ಪಕ್ಕದಲ್ಲೇ ಮಿಲಿಟರಿ ಬ್ಯಾರಕ್ಕುಗಳು. 1857 ಆದ ಮೇಲೆ ಅರಮನೆಯ ಬಹುಪಾಲು ಕೆಡವಿ ಬ್ರಿಟಿಷರು ಕಟ್ಟಿದ್ದು. ಇಲ್ಲಿ ಮಾತ್ರ ಜರುಗಿಸಲಿಲ್ಲ, ನಿಜವಾಗಿಯೂ ಒಡೆದರು. ಹೊರಗೆ ಚಾಂದನಿ ಚೌಕದ ಟೌನ್ ಹಾಲ್ ಮುಂದೆ ವಿಕ್ಟೋರಿಯಾ ರಾಣಿ ಇದ್ದ ಜಾಗದಲ್ಲಿ ಸ್ವಾಮಿ ಶ್ರದ್ಧಾನಂದರಿದ್ದಾರೆ. ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಆ ರಾಣಿ ಇನ್ನೂ ಆರಾಮಾಗಿ ನಿಂತಿದ್ದಾಳಲ್ಲ, ಯಾಕೋ ಅವಳ ತಂಟೆಗೆ ಯಾರೂ ಹೋಗಿಲ್ಲ.

ಮಧ್ಯಾಹ್ನ ಜಿಟಿಬಿ ನಗರದಲ್ಲಿ ಮೆಟ್ರೊ ಇಳಿದು ಆಟೊದಲ್ಲಿ ಕಾರೊನೇಷನ್ ಪಾರ್ಕಿಗೆ ಹೋದೆವು. ಪ್ರವಾಸಿಗರು ಅಂತ ಇದ್ದಿದ್ದು ನಾವಿಬ್ಬರೇ. 1911ರ ಡಿಸೆಂಬರ್ 12ರಂದು ಇಲ್ಲೇ ಐದನೇ ಜಾರ್ಜ್ ದರ್ಬಾರು ಮಾಡಿ, ರಾಜಧಾನಿ ಕಲ್ಕತ್ತದಿಂದ ದೆಹಲಿಗೆ ಬರುತ್ತದೆ ಅಂತ ಸಾರಿದ್ದು. ದೇಶದ ರಾಜರೆಲ್ಲ ಒಬ್ಬೊಬ್ಬರಾಗಿ ಬಂದು ನಮಸ್ಕರಿಸಬೇಕಿತ್ತು. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರೂ ಬಂದಿದ್ದರು. ಬರೋಡಾದ ಗಾಯಕವಾಡರು ನಮಸ್ಕಾರ ಮಾಡಿ ಬೆನ್ನು ತಿರುಗಿಸಿ ಹೋದರು ಅಂತ ದೊಡ್ಡ ರಾದ್ಧಾಂತವೇ ಆಯಿತು.

ಈಗ ಆ ಜಾರ್ಜ್ ಇಲ್ಲಿದ್ದಾನೆ. ಇಂಡಿಯಾ ಗೇಟಿನ ಛತ್ರಿಯಡಿ ಇದ್ದವನೇ. ಎತ್ತರದ ಕಂಬದಂಥ ಪೀಠದ ಮೇಲೆ, ಹಿಂದೆ ಉದ್ದಕ್ಕೆ ಇಳಿಬಿದ್ದ ನಿಲುವಂಗಿ. ಅವನ ಸುತ್ತ ಊರಿನ ಬೇರೆ ಬೇರೆ ಕಡೆಯಿಂದ ತಂದಿಟ್ಟ ವೈಸರಾಯ್‌ಗಳು. ಮನೆಯಲ್ಲಿ ಹಿರಿಯರು ಹೋದ ಮೇಲೆ ಅವರ ಕುರ್ಚಿ, ಊರುಗೋಲು ಎಲ್ಲ ಅಟ್ಟಕ್ಕೆ ಹಾಕುತ್ತೇವಲ್ಲ, ಎಸೆಯುವ ಧೈರ್ಯವೂ ಇಲ್ಲ, ಇಟ್ಟುಕೊಳ್ಳುವ ಮನಸ್ಸೂ ಇಲ್ಲ, ಹಾಗೆ. ಸುತ್ತ ಇನ್ನೂ ಎಷ್ಟೋ ಪೀಠಗಳಿವೆ, ಮೇಲೆ ಯಾರೂ ಇಲ್ಲ.

"ಇನ್ನೊಂದು ಗೊತ್ತಾ ಅಪ್ಪ? ಹೊಸ ದೆಹಲಿಗೆ ಶಂಕುಸ್ಥಾಪನೆ ಮಾಡಿದ್ದೇ ಇಲ್ಲಿ. ರಾಜ, ರಾಣಿ ಇಬ್ಬರೂ ಒಂದೊಂದು ಕಲ್ಲು ಇಟ್ಟರು. ಆಮೇಲೆ ಈ ಜಾಗ ಸರಿಯಿಲ್ಲ ಅಂತ ಗೊತ್ತಾಯ್ತು. ಆ ಕಲ್ಲು ಕಿತ್ತು ರೈಸಿನಾಕ್ಕೆ ತಗೊಂಡು ಹೋದರು."

ಅಪ್ಪ ನನ್ನ ಮುಖ ನೋಡಿದರು. "ಚಕ್ರವರ್ತಿನೇ ಬಾಂದು ಕಲ್ಲು ಜರುಗಿಸಿದ್ನಾ?"

ನಗು ತಡೆಯಲಾಗದೆ, ಹತ್ತಿರದ ಖಾಲಿ ಪೀಠದ ಅಂಚಿನಲ್ಲಿ ಕೂತುಬಿಟ್ಟರು. ಮಂಡಿ ನೀವಿಕೊಂಡರು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಎರಡು ಗುಟುಕು ಕುಡಿದಿರಬೇಕು, ದೂರದಿಂದ ಸೀಟಿ ಕೇಳಿಸಿತು. ಕಾವಲಿನವನು ಲಾಠಿ ಬೀಸುತ್ತಾ ಏಳಿ ಏಳಿ ಅಂತ ಸನ್ನೆ ಮಾಡುತ್ತಿದ್ದ. ಅಪ್ಪ ಲೋಟ ಹಿಡಿದುಕೊಂಡೇ ಎದ್ದರು. ಏಳುವಾಗ ಪೀಠದ ಬುಡಕ್ಕೆ ಚಪ್ಪಲಿಯ ತುದಿಯಿಂದ ಎರಡು ಸಲ ಒದ್ದು ನೋಡಿದರು.

"ಮಣ್ಣು ಗಟ್ಟಿ ಇದೆ" ಅಂದರು. ಕಾವಲಿನವನು ಇನ್ನೊಂದು ಸೀಟಿ ಊದಿದ.